ರುಖ್ಸತ್ ಕಲಿಸಿದವನ ಪಾಠ

ಮಸೀದಿಯ ಹೌಝಿನ ನೀರು ನನಗೆ ಬಾಲ್ಯದಿಂದಲೂ ಪರಿಚಿತ. ಮದ್ರಸದ ವಿದ್ಯಾರ್ಥಿಯಾಗಿ, ಬಳಿಕ ಉಸ್ತಾದನಾಗಿ ಸಾವಿರಾರು ಬಾರಿ ಅದರಲ್ಲಿ ಕೈ ಅದ್ದಿದ್ದೇನೆ. ಆದರೆ ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಒಂದು ಝುಹರ್ ವೇಳೆ ಕೈ ಅದ್ದಿದವನು ವಿದ್ಯುತ್ ತಗುಲಿದಂತೆ ಹಿಂದೆ ಸರಿದೆ. ಬೆರಳ ತುದಿಗಳಿಗೆಲ್ಲ ಸೂಜಿ ಚುಚ್ಚಿದಂತಾಯಿತು. ಬಾಯಿ ಮುಕ್ಕಳಿಸಿದರೆ ಗಂಟಲು ಬಿಗಿದು ಉಸಿರೇ ನಿಂತಂತೆನಿಸಿತು. ಹಿಂದಿನ ದಿನವಷ್ಟೇ ಮಂಗಳೂರಿನ ಆಸ್ಪತ್ರೆಯಲ್ಲಿ ಎರಡು ಗಂಟೆ ಮಲಗಿಸಿ, ನನ್ನ ರಕ್ತನಾಳಕ್ಕೆ ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯನ್ನು ಹನಿಹನಿಯಾಗಿ ಇಳಿಸಿದ್ದರು. ಕೆಲವು ದಿನ ತಣ್ಣೀರು ಮುಟ್ಟಬಾರದು, ಕುಡಿಯಬಾರದು ಎಂದು ನರ್ಸ್ ಹೇಳಿದ್ದರು. ವುಝೂವಿನ ನೀರೂ ತಣ್ಣೀರೇ ಎಂಬುದು ನನಗೆ ಹೊಳೆದಿರಲಿಲ್ಲ.

ನನ್ನದು ದೊಡ್ಡ ಕರುಳಿನ ಕ್ಯಾನ್ಸರ್. ಮಲದಲ್ಲಿ ರಕ್ತ ಕಾಣಿಸಿಕೊಂಡು ಏಳೆಂಟು ತಿಂಗಳಾಗಿದ್ದರೂ ಮೂಲವ್ಯಾಧಿಯಿರಬೇಕೆಂದು ಮಜ್ಜಿಗೆ, ಮೆಂತ್ಯ, ನಾಟಿ ಔಷಧಿಗಳಲ್ಲೇ ಕಾಲ ಕಳೆದೆ. ಪತ್ನಿಯೊಡನೆಯೂ ಹೇಳಿರಲಿಲ್ಲ. ಶರೀರದ ಆ ಭಾಗದ ಕಾಯಿಲೆಯನ್ನು ಬಾಯಿಬಿಟ್ಟು ಹೇಳಲು ನಮ್ಮಲ್ಲಿರುವ ನಾಚಿಕೆಯನ್ನು ನಾನು ಹಯಾ ಎಂದು ತಿಳಿದಿದ್ದೆ. ಅದು ಹಯಾ ಆಗಿರಲಿಲ್ಲ, ಬರೀ ಅಂಜಿಕೆಯಾಗಿತ್ತು. ಓದುವವರಲ್ಲಿ ಯಾರಿಗಾದರೂ ಇಂತಹ ಲಕ್ಷಣವಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಲಿ. ಉಳಿದುದನ್ನು ಆಮೇಲೆ ಓದಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯಿದ್ದ ಭಾಗವನ್ನು ತೆಗೆದರು. ಸಮೀಪದ ದುಗ್ಧಗ್ರಂಥಿಗಳಿಗೂ ರೋಗ ತಲುಪಿದ್ದರಿಂದ ಎಂಟು ಸುತ್ತು ಕೀಮೋಥೆರಪಿ ಬೇಕೆಂದರು. ಮೂರು ವಾರಗಳಿಗೊಂದು ಸುತ್ತು. ಮೊದಲ ದಿನ ಡ್ರಿಪ್, ಆ ಬಳಿಕ 14 ದಿನ ಬೆಳಗ್ಗೆ ಮತ್ತು ರಾತ್ರಿ ಊಟವಾದ ಕೂಡಲೇ ಕ್ಯಾಪೆಸಿಟಾಬಿನ್ ಮಾತ್ರೆ, ಮುಂದಿನ ಏಳು ದಿನ ವಿರಾಮ. ಒಟ್ಟು 24 ವಾರ. ಪ್ರತಿ ಸುತ್ತಿಗೂ ಮುನ್ನ ರಕ್ತ ಪರೀಕ್ಷೆ. ಬಿಳಿ ರಕ್ತಕಣಗಳು ಕಡಿಮೆಯಿದ್ದರೆ ಆ ಸುತ್ತು ಮುಂದಕ್ಕೆ. ನಾನು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ಶುಕ್ರವಾರ ಡ್ರಿಪ್ ಹಾಕಿಸಿಕೊಂಡರೆ ಶನಿವಾರ ಅರ್ಧ ದಿನ, ಭಾನುವಾರ ರಜೆ, ಸೋಮವಾರ ಶಾಲೆ. ಯಾರಿಗೂ ತಿಳಿಯದೆ ಮುಗಿಸಬಹುದೆಂದು ನನ್ನ ಯೋಜನೆ.

ನಾನು ಖಾಸಗಿ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕ. ಬೆಳಗ್ಗೆ ಮದ್ರಸದಲ್ಲಿ ಪಾಠ, ಹತ್ತು ಗಂಟೆಯಿಂದ ಶಾಲೆ. ರೋಗ ತಿಳಿದ ಮರುದಿನವೇ ಮದ್ರಸವನ್ನು ಇನ್ನೊಬ್ಬ ಉಸ್ತಾದರಿಗೆ ಒಪ್ಪಿಸಿದೆ. ಶಾಲೆಯನ್ನು ಮಾತ್ರ ಬಿಡಲಿಲ್ಲ. ದೀನಿನ ಕೆಲಸವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟವನು ಸಂಬಳದ ಕೆಲಸಕ್ಕೆ ಏಕೆ ಹಾಗೆ ಅಂಟಿಕೊಂಡೆನೆಂದು ಈಗ ಕೇಳಿಕೊಂಡರೆ ಉತ್ತರ ಸುಲಭ: ಮನೆಯ ಬಾಡಿಗೆ, ಮಗಳ ಪಿಯುಸಿ ಶುಲ್ಕ, ಶಸ್ತ್ರಚಿಕಿತ್ಸೆಗೆಂದು ಭಾವನಿಂದ ಪಡೆದ ಸಾಲ. ಹೊಟ್ಟೆಯ ಸಣ್ಣ ಶಸ್ತ್ರಚಿಕಿತ್ಸೆ ಎಂದಷ್ಟೇ ಮುಖ್ಯೋಪಾಧ್ಯಾಯರಿಗೆ ಹೇಳಿದ್ದೆ. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ವುಝೂವಿಗೆಂದು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುತ್ತಿದ್ದೆ. ಕೇಳಿದವರಿಗೆ ಚಹಾ ಎನ್ನುತ್ತಿದ್ದೆ. ಇದು ಸುಳ್ಳೇ.

ಐದನೆಯ ಸುತ್ತಿನ ವೇಳೆಗೆ ಬೆರಳುಗಳ ಜೋಮು ವಿರಾಮದ ವಾರದಲ್ಲೂ ಹೋಗದಾಯಿತು. ಅಂಗಿಯ ಗುಂಡಿ ಹಾಕಲು ಪತ್ನಿ ಬೇಕು. ಅಂಗಾಲು ಕೆಂಪಾಗಿ ಸಿಪ್ಪೆ ಸುಲಿಯತೊಡಗಿತು. ಒಂದು ಮಂಗಳವಾರ ಹತ್ತನೆಯ ತರಗತಿಯಲ್ಲಿ ಸಂಧಿ ಪ್ರಕರಣ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಜಾರಿತು. ಹೆಕ್ಕಲು ಬಗ್ಗಿದವನಿಗೆ ಏಳಲಾಗಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ಓಡಿ ಹೋಗಿ ಸ್ಟಾಫ್ ರೂಮಿನಿಂದ ಕುರ್ಚಿ ತಂದ. "ಬೇಡ, ತೆಗೆದುಕೊಂಡು ಹೋಗು" ಎಂದು ಗದರಿದೆ. ಅವನು ಮದ್ರಸದಲ್ಲೂ ನನ್ನ ಶಿಷ್ಯನಾಗಿದ್ದವನು. ತಲೆ ತಗ್ಗಿಸಿಕೊಂಡೇ ಹೇಳಿದ: "ಉಸ್ತಾದ್, ನಿಲ್ಲಲಿಕ್ಕೆ ಆಗದಿದ್ದರೆ ಕುಳಿತು ಅಂತ ನೀವೇ ಕಲಿಸಿದ್ದಲ್ವಾ?"

ಅವನು ಹೇಳಿದ್ದು ಇಮ್ರಾನ್ ಬಿನ್ ಹುಸೈನ್(ರ)ರ ಹದೀಸಿನ ಬಗ್ಗೆ. ನಿಂತು ನಮಾಝ್ ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಪಕ್ಕಕ್ಕೆ ಒರಗಿ ಎಂದು ಪ್ರವಾದಿವರ್ಯರು(ಸ) ಅವರಿಗೆ ತಿಳಿಸಿದ ಪ್ರಸಂಗವನ್ನು ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಬೋಧಿಸಿದ್ದೆ. ಆ ಸಹಾಬಿವರ್ಯರಿಗಿದ್ದುದು ಮೂಲವ್ಯಾಧಿ. ಅದನ್ನು ಮುಚ್ಚಿಡದೆ ಪ್ರವಾದಿಯವರ(ಸ) ಮುಂದೆ ಹೇಳಿಕೊಂಡದ್ದರಿಂದಲೇ ಇಡೀ ಉಮ್ಮತ್ತಿಗೆ ಆ ರಿಯಾಯಿತಿ ತಿಳಿಯಿತು. ಅದೇ ಕಾಯಿಲೆಯೆಂದು ಭಾವಿಸಿ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನು ನಾನು! ಅಲ್ಲಾಹನ ಮುಂದೆ ನಿಲ್ಲುವಾಗ ಸಲ್ಲುವ ರುಖ್ಸತ್, ನಲವತ್ತು ಮಕ್ಕಳ ಮುಂದೆ ನಿಲ್ಲುವಾಗ ಸಲ್ಲದೆಂದು ನನಗೆ ಹೇಳಿಕೊಟ್ಟವರು ಯಾರು? ಯಾರೂ ಅಲ್ಲ. ಅಹಂಕಾರವೊಂದೇ. ತಾಳ್ಮೆಯ ಉಡುಪು ತೊಟ್ಟು ಬಂದುದರಿಂದ ಅದನ್ನು ನಾನು ಸಬ್ರ್ ಎಂದು ನಂಬಿದ್ದೆ.

ಕುಳಿತೆ. ಆ ಪೀರಿಯಡ್ ಕುಳಿತೇ ಮುಗಿಸಿದೆ.

ಅಂದು ಸಂಜೆ ಆಡಳಿತ ಮಂಡಳಿಯ ಕಾರ್ಯದರ್ಶಿಯವರ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದೆ. ಕುರ್ಚಿಗಿಂತ ದೊಡ್ಡದೊಂದು ಭಾರ ಮನಸ್ಸಿನಲ್ಲಿತ್ತು. ಪೂರ್ತಿ ಸಂಬಳ ಪಡೆದು ಅರ್ಧ ಪಾಠ ಮಾಡುವುದು ಅಮಾನತ್ತಿನ ದ್ರೋಹವಲ್ಲವೇ? ರೋಗಿಗೂ ಪ್ರಯಾಣಿಕನಿಗೂ ಆರೋಗ್ಯದಲ್ಲಿ, ಊರಿನಲ್ಲಿ ಇದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯ ಬರೆಯಲ್ಪಡುತ್ತದೆ ಎಂಬ ಹದೀಸನ್ನು ಎಷ್ಟೋ ರೋಗಿಗಳ ಹಾಸಿಗೆಯ ಬಳಿ ಕುಳಿತು ಹೇಳಿದ್ದೇನೆ. ಆದರೆ ಅಲ್ಲಾಹನ ದಫ್ತರದ ಲೆಕ್ಕ ಬೇರೆ, ಶಾಲೆಯ ಹಾಜರಿ ಪುಸ್ತಕದ ಲೆಕ್ಕ ಬೇರೆ. ವಾರಕ್ಕೆ 28 ಇದ್ದ ನನ್ನ ಪೀರಿಯಡ್‌ಗಳನ್ನು 16ಕ್ಕೆ ಇಳಿಸಿದರು, ಸಂಬಳವನ್ನೂ ಇಳಿಸಿದರು. ನ್ಯಾಯವೆಂದೇ ಒಪ್ಪಿಕೊಂಡೆ. ಪತ್ನಿ ಒಪ್ಪಲಿಲ್ಲ. "ಹದಿನೆಂಟು ವರ್ಷ ಹೆಚ್ಚುವರಿ ಕ್ಲಾಸ್ ತೆಗೆದುಕೊಂಡಿರಲ್ಲ, ಅದರ ಲೆಕ್ಕ ಯಾರು ಇಟ್ಟಿದ್ದಾರೆ?" ಎಂದಳು. ಅವಳ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಮುಚ್ಚಿಟ್ಟದ್ದರಿಂದ ಆದ ನಷ್ಟ ಎಷ್ಟೆಂದು ತಿಳಿದದ್ದು ಮರುದಿನ. ವಿಷಯ ಕೇಳಿದ ಶಾಲೆಯ ಗುಮಾಸ್ತರು "ನಿಮ್ಮ ಇಎಸ್‌ಐ ಕಾರ್ಡ್ ಎಲ್ಲಿ?" ಎಂದರು. ಆಗ ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚಿಲ್ಲದ ಸಂಬಳದವರು ಆ ವಿಮೆಗೆ ಸೇರುತ್ತಿದ್ದರು. ನನ್ನ ಸಂಬಳದಿಂದ ಪ್ರತಿ ತಿಂಗಳು ಶೇ. 0.75 ಕಡಿತವಾಗುತ್ತಿತ್ತು. ವರ್ಷಗಟ್ಟಲೆ ಆ ಸಾಲನ್ನು ಓದಿಯೂ ಓದದವನಂತಿದ್ದೆ. ಚಿಕಿತ್ಸೆಯ ವೆಚ್ಚವಷ್ಟೇ ಅಲ್ಲ, ವೈದ್ಯರು ರಜೆಗೆ ಪ್ರಮಾಣಪತ್ರ ನೀಡಿದ ದಿನಗಳಿಗೆ ಸಂಬಳದ ಶೇ. 70ರಷ್ಟು ಹಣವೂ ಅದರಲ್ಲಿ ದೊರೆಯುತ್ತದೆ, ವರ್ಷಕ್ಕೆ 91 ದಿನಗಳವರೆಗೆ. ಕ್ಯಾನ್ಸರಿನಂತಹ ದೀರ್ಘ ಕಾಯಿಲೆಗಳಾದರೆ, ಅರ್ಹತೆಯ ಷರತ್ತುಗಳಿಗೆ ಒಳಪಟ್ಟು, ಶೇ. 80ರ ದರದಲ್ಲಿ ಎರಡು ವರ್ಷಗಳವರೆಗೂ. ಭಾವನಿಂದ ಸಾಲ ಪಡೆಯುವ ಮುನ್ನ ಬಾಯಿ ಬಿಟ್ಟಿದ್ದರೆ! ಉಳಿದ ಸುತ್ತುಗಳಿಗೆ ಅದನ್ನು ಬಳಸಿಕೊಂಡೆ. ಕಾಗದಪತ್ರಗಳಿಗಾಗಿ ಅಲೆದಾಟವೂ ಕಡಿಮೆಯಿರಲಿಲ್ಲ. ಆದರೆ ಡ್ರಿಪ್ ಹಾಕಿದ ವಾರದಲ್ಲಿ ಮನೆಯಲ್ಲೇ ಮಲಗಿರಲು ಸಾಧ್ಯವಾಯಿತು. ನಮ್ಮ ಸಂಸ್ಥೆಗಳಲ್ಲಿ ದುಡಿಯುವ ಶಿಕ್ಷಕ ಶಿಕ್ಷಕಿಯರು ತಮ್ಮ ಸಂಬಳದ ಚೀಟಿಯನ್ನು ಒಮ್ಮೆ ಪೂರ್ತಿ ಓದಲಿ.

ಎಂಟನೆಯ ಸುತ್ತು ಮುಗಿದದ್ದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿ ಬಹಳ ದಿನಗಳಾದ ಮೇಲೆ. ರಕ್ತಕಣಗಳು ಕಡಿಮೆಯಾಗಿ ಎರಡು ಬಾರಿ ಮುಂದೂಡಿದ್ದರು. ಈಗ ಆರು ತಿಂಗಳಿಗೊಮ್ಮೆ ತಪಾಸಣೆ ಇದೆ. ಅಲ್‌ಹಮ್ದುಲಿಲ್ಲಾಹ್, ಇದುವರೆಗೆ ರೋಗ ಮರಳಿಲ್ಲ. ಮುಂದಿನ ತಪಾಸಣೆ ಬರುವ ತಿಂಗಳು. ಅದರ ಹಿಂದಿನ ವಾರ ನನಗೆ ನಿದ್ದೆ ಬರುವುದಿಲ್ಲ, ಈ ಸಲವೂ ಬರಲಾರದು.

ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ಮದ್ರಸಕ್ಕೆ ಮರಳಿದ್ದೇನೆ. ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುವ ಕೆಲಸವನ್ನು ಸರದಿಯಂತೆ ಮಕ್ಕಳೇ ಮಾಡುತ್ತಾರೆ. ಒತ್ತಕ್ಷರ ತಪ್ಪಿದರೆ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ತಿದ್ದುತ್ತೇನೆ. ನಿನ್ನೆ ಒಬ್ಬಳು 'ವಿದ್ಯಾರ್ಥಿ'ಯ ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿ ಬರೆದು, ನಾಲ್ಕು ಸಲ ಅಳಿಸಿ, ಐದನೆಯ ಸಲ ಸರಿಮಾಡಿದಳು.