ಎಡಿಕುಂಟಿಯೂ ಸ್ಪರ್ಶಕೋನವೂ

ಎಳ್ಳಮವಾಸ್ಯೆಯ ಸುಮಾರಿಗೆ ಜೇವರ್ಗಿ ಸೀಮೆಯ ಹೊಲಗಳಲ್ಲಿ ಓಡಾಡಿದವರು ನೋಡಿರುತ್ತೀರಿ. ಮಳೆ ನಿಂತು ಎಷ್ಟೋ ದಿನಗಳಾಗಿರುತ್ತವೆ, ಬಾವಿಯಿಲ್ಲ, ಕಾಲುವೆಯಿಲ್ಲ, ಆದರೂ ಬಿಳಿಜೋಳ ಹಸಿರಾಗಿ ನಿಂತಿರುತ್ತದೆ. ಹಸ್ತ, ಚಿತ್ತಿ ಮಳೆಗಳ ಆಸುಪಾಸಿನಲ್ಲಿ ಬಿತ್ತಿದ ಈ ಹಿಂಗಾರಿ ಬೆಳೆ ಬದುಕುವುದು ಎರೆಭೂಮಿ ಒಳಗೆ ಕಾದಿಟ್ಟ ಹಸಿಯ ಮೇಲೆ. ಆಳಂದ, ಅಫಜಲಪುರದ ತೊಗರಿಯೂ ಬೇರನ್ನು ಆಳಕ್ಕಿಳಿಸಿ ಅದೇ ಹಸಿಯನ್ನು ಹುಡುಕುತ್ತದೆ. ನೀರು ತಗ್ಗಿಗೆ ಹರಿಯುವುದನ್ನು ಎಲ್ಲರೂ ಬಲ್ಲರು, ಮಣ್ಣಿನೊಳಗೆ ಅದು ಮೇಲಕ್ಕೂ ಹತ್ತುತ್ತದೆಂಬುದನ್ನು ಒಕ್ಕಲಿಗ ಬಲ್ಲ.

ಪಂಡಿತರು ಇದನ್ನು ಕೇಶಾಕರ್ಷಣವೆನ್ನುತ್ತಾರೆ. ನಳಿಗೆ ಸಣ್ಣದಾದಷ್ಟೂ ನೀರು ಎತ್ತರಕ್ಕೇರುತ್ತದೆಂದು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜ್ಯೂರಿನ್ 1718ರಲ್ಲಿ ತೋರಿಸಿದ. ಒಂದು ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯಲ್ಲಿ ಸುಮಾರು 3 ಸೆಂಟಿಮೀಟರ್, ಅದರ ಹತ್ತನೇ ಒಂದರಷ್ಟು ವ್ಯಾಸವಿದ್ದರೆ 30 ಸೆಂಟಿಮೀಟರ್. ಏರುವುದೋ ಇಳಿಯುವುದೋ ಎಂಬುದನ್ನು ನಿರ್ಧರಿಸುವುದು ದ್ರವ ಗೋಡೆಯನ್ನು ಮುಟ್ಟುವಲ್ಲಿನ ಸ್ಪರ್ಶಕೋನ, ಅದರ ಲೆಕ್ಕ ಹೇಳಿದವನು 1805ರಲ್ಲಿ ಥಾಮಸ್ ಯಂಗ್. ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ದ್ರವ ಗೋಡೆ ಹಿಡಿದು ಏರುತ್ತದೆ, ಮೀರಿದರೆ ಕುಗ್ಗುತ್ತದೆ. ಗಾಜಿನ ಮೇಲೆ ಪಾದರಸದ್ದು ಸುಮಾರು 140 ಡಿಗ್ರಿ, ಅದಕ್ಕೇ ನಳಿಗೆಯೊಳಗೆ ಅದು ಹೊರಗಿನ ಮಟ್ಟಕ್ಕಿಂತಲೂ ಕೆಳಗೆ ನಿಲ್ಲುತ್ತದೆ. ಕೆಸುವಿನೆಲೆಯ ಮೇಲೆ ನೀರು ಮುತ್ತಾಗಿ ಉರುಳಾಡುವುದೂ ಕೋನ ದೊಡ್ಡದೆಂದೇ.

ನಮ್ಮ ಮುತ್ಯಾ ಇವರಿಬ್ಬರ ಹೆಸರೂ ಕೇಳಿದವನಲ್ಲ. ಜೋಳದ ಸಾಲಿನ ನಡುವೆ ಹುಡುಕಿದರೂ ಒಂದು ಕಸದ ಕಡ್ಡಿ ಸಿಗದಿದ್ದರೂ ಎತ್ತು ಹೂಡಿ ಎಡಿ ಹೊಡೆಯುತ್ತಿದ್ದ.

“ಕಸಾನೇ ಇಲ್ಲಲ್ಲ ಮುತ್ಯಾ, ಯಾಕ ಹೊಡೀತಿ?”

“ಕಸಕ್ಕಲ್ಲೋ ತಮ್ಮಾ, ಹಸಿಗಿ. ನೆಲ ಬಿರತು ಬಿಟ್ರ ಹಸಿ ಹೊರಗ ಹೋಗ್ತದ.”

ಆ ಮಾತಿನ ಪೂರ್ತಿ ಅರ್ಥ ನನಗಾದದ್ದು ಭೌತಶಾಸ್ತ್ರ ಓದಿದ ಮೇಲೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಬಿರುಕಿನಿಂದ ಹಸಿ ಆವಿಯಾಗುತ್ತದೆ, ಮೇಲ್ಪದರ ಬಿಗಿದಿದ್ದರೆ ಸೂಕ್ಷ್ಮ ರಂಧ್ರಗಳ ಮೂಲಕವೂ ನೀರು ಹತ್ತಿ ಬಂದು ಗಾಳಿಗೆ ಸೇರುತ್ತದೆ. ಎಡಿಕುಂಟಿ ಎರಡು ಬೆರಳಷ್ಟು ಮಣ್ಣನ್ನು ಕೆದರಿ, ಬಿರುಕು ಮುಚ್ಚಿ, ಹೊಲಕ್ಕೆ ಕೌದಿ ಹೊದಿಸಿದ ಹಾಗೆ ಹುಡಿಮಣ್ಣು ಹರಡುತ್ತದೆ. ಹುಡಿಯ ಕಣಗಳ ನಡುವಿನ ಸಂದು ದೊಡ್ಡದು. ಜ್ಯೂರಿನ್ ಹೇಳಿದಂತೆ ದೊಡ್ಡ ಸಂದಿನಲ್ಲಿ ನೀರು ಏರಲಾರದು, ಅಲ್ಲಿಗೇ ನಿಲ್ಲುತ್ತದೆ. ಹೀಗೆ ಉಳಿದ ಹಸಿಯೇ ಮುಂದೆ ತೆನೆಗೆ ಕಾಳು ತುಂಬಿಸುತ್ತದೆ. ಬೆಳೆಯ ನಡುವೆ ಕುಂಟಿ ಹೊಡೆಯುವುದನ್ನು ಬರೀ ಕಸ ತೆಗೆಯುವ ಕೆಲಸವೆಂದು ಎಣಿಸಿ ಕಳೆನಾಶಕ ಸಿಂಪಡಿಸಿ ಸುಮ್ಮನಾಗುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ.

ಆಯಿಗೂ ಈ ವಿದ್ಯೆ ಗೊತ್ತಿತ್ತು, ದೀಪಾವಳಿಯ ಮಟ್ಟಿಗೆ. ಹೊಸ ಪಣತಿಗಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕುತ್ತಿದ್ದಳು. ಸುಟ್ಟ ಮಣ್ಣಿನ ರಂಧ್ರಗಳನ್ನು ನೀರು ಮೊದಲೇ ತುಂಬಿಕೊಂಡರೆ ಎಣ್ಣೆಗೆ ಅಲ್ಲಿ ಜಾಗವಿಲ್ಲ, ಪೂರಾ ಎಣ್ಣೆ ಬತ್ತಿಗೇ. ಮಣ್ಣಿನಲ್ಲಿ ತಡೆದ ಕೇಶಾಕರ್ಷಣ ಹತ್ತಿಯಲ್ಲಿ ಬೇಕೇಬೇಕು, ಬತ್ತಿಯ ಎಳೆಗಳ ನಡುವೆ ಎಣ್ಣೆ ಏರದೆ ದೀಪ ಉರಿಯದಲ್ಲ!

ಇಷ್ಟೆಲ್ಲ ಹೇಳಿ ಕಾಲುವೆಯ ಮಾತೆತ್ತದಿದ್ದರೆ ತಪ್ಪಾದೀತು. ಕೃಷ್ಣಾ ಮೇಲ್ದಂಡೆ ಯೋಜನೆಯ ಜೇವರ್ಗಿ ಶಾಖಾ ಕಾಲುವೆ ಈ ಸೀಮೆಗೆ ನೀರು ತಂದಿತು, ಅದು ದೊಡ್ಡ ಭಾಗ್ಯ. ಆದರೆ ಎರೆಭೂಮಿಗೆ ಅಳತೆಯಿಲ್ಲದೆ ನೀರು ಬಿಟ್ಟಲ್ಲೆಲ್ಲ ನೆಲದಡಿಯ ನೀರು ಮೇಲೆದ್ದು ಬರುತ್ತದೆ. ಅದು ಬೇರಿನ ಹತ್ತಿರ ಬಂತೆಂದರೆ ಉಳಿದ ದಾರಿಯನ್ನು ಸೂಕ್ಷ್ಮ ರಂಧ್ರಗಳೇ ಏರಿಸುತ್ತವೆ, ನೀರು ಆವಿಯಾಗಿ ಹೋಗುತ್ತದೆ, ಹೊತ್ತು ತಂದ ಉಪ್ಪು ಹೊಲದ ಮೇಲೆ ಬೆಳ್ಳಗೆ ಕೂರುತ್ತದೆ. ಅದೇ ಸವಳು. ಮಾಳಿಗೆ ಮನೆಯ ಮೇಲೆ ಹಾಕಿದರೆ ಸವಳು ಮಣ್ಣು ಮಳೆನೀರು ಒಳಗಿಳಿಯದಂತೆ ಕಾಯುತ್ತದೆ, ಹೊಲದಲ್ಲಿ ಅದಕ್ಕೆ ಮದ್ದಿಲ್ಲದಿದ್ದರೆ ಜೋಳವೂ ಏಳದು. ಎಡಿಕುಂಟಿಯೊಂದರಿಂದ ಅದು ಬಗೆಹರಿಯುವಂಥದ್ದಲ್ಲ. ಬಸಿಗಾಲುವೆ ತೋಡಿ ಅಡಿಯ ನೀರನ್ನು ಕೆಳಗಿಳಿಸಬೇಕು, ಆಮೇಲೆ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು, ಅದಕ್ಕೂ ಮೊದಲು ಕಾಲುವೆಯ ತೂಬನ್ನು ಹೊತ್ತಿಗೆ ಸರಿಯಾಗಿ ಮುಚ್ಚಬೇಕು.