ಉದ್ಯಾವರದ ಪಾಕಪಾಠ

ಉಡುಪಿಯಿಂದ ಮಂಗಳೂರಿನ ಕಡೆಗೆ ಕೆಲವೇ ಮೈಲಿ ಸಾಗಿದರೆ ಉದ್ಯಾವರ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಅದರ ಮಗ್ಗುಲಲ್ಲಿ ಊರಿನ ಹೆಸರನ್ನೇ ಹೊತ್ತು ಮಲ್ಪೆಯ ಅಳಿವೆಯತ್ತ ಹರಿಯುವ ಹೊಳೆ. ದಡಗಳಲ್ಲಿ ತೆಂಗಿನ ತೋಪು, ಬತ್ತದ ಗದ್ದೆ. ಒಂದು ಕಾಲಕ್ಕೆ ಇದು ಆಳುಪ ಅರಸರ ರಾಜಧಾನಿ. ಎಂಟನೆಯ ಶತಮಾನದ ಶಾಸನಗಳೂ ವೀರಗಲ್ಲುಗಳೂ ಅದಕ್ಕೆ ಸಾಕ್ಷಿ. ಆದರೆ ಈ ಸೀಮೆಯನ್ನು ಅರಿಯಬೇಕಾದವನಿಗೆ ಬರೆದ ಕಲ್ಲುಗಳಷ್ಟೇ ಸಾಲವು. ಮಸಾಲೆ ಕಡೆಯುವ ಕಲ್ಲಿನ ಪರಿಚಯವೂ ಆಗಬೇಕು.

ಈ ಮಾತಿನ ಸತ್ಯ ದೂರದಿಂದ ಬಂದವರಿಗೆ ಬೇಗನೆ ತಿಳಿಯುತ್ತಿತ್ತು. 1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲಪಿದರು. ಮುಂದೆ ಆ ಸಂಸ್ಥೆಯ ಕಾರ್ಯ ಉಡುಪಿ, ಮಲ್ಪೆಗಳಿಗೂ ಹಬ್ಬಿತು. ರೊಟ್ಟಿ, ಆಲೂಗಡ್ಡೆ, ಚೀಸುಗಳ ನಾಡಿನಿಂದ ಬಂದವರಿಗೆ ಗೋಧಿಯೇ ಬೆಳೆಯದ ಈ ಕರಾವಳಿ ಹೊಸ ಲೋಕ. ಕಲಿಸಲೆಂದು ಬಂದವರು ಮೊದಲು ಕಲಿಯಬೇಕಾಯಿತು. 1886ರಲ್ಲಿ ತುಳು ನಿಘಂಟನ್ನು ಪ್ರಕಟಿಸಿದ ಮ್ಯಾನರ್ ಪಾದ್ರಿಗಳಂಥವರು ಭಾಷೆಯ ಪಾಠವನ್ನು ಬಹು ದೂರ ನಡೆಸಿದರು. ಒಲೆಯ ಮುಂದಿನ ಪಾಠ ಅದಕ್ಕಿಂತ ಸುಲಭದ್ದೇನಲ್ಲ.

ಮೊದಲ ಪಾಠ ಕುಚ್ಚಲಕ್ಕಿಯದು. ಬತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿ, ಒಣಗಿಸಿ, ಅನಂತರ ಅಕ್ಕಿ ಮಾಡುವುದು ಇಲ್ಲಿಯ ಕ್ರಮ. ಬೆಳ್ತಿಗೆ ಅಕ್ಕಿಯನ್ನು ಬೇಯಿಸಿದ ಅಭ್ಯಾಸದಿಂದ ಇದನ್ನು ಬೇಗನೆ ಇಳಿಸಿದರೆ ಕಾಳು ಹಲ್ಲಿಗೆ ಗಟ್ಟಿ. ನೀರೂ ಹೆಚ್ಚು ಬೇಕು, ತಾಳ್ಮೆಯೂ ಹೆಚ್ಚು ಬೇಕು. ಬೆಂದ ಗಂಜಿಗೆ ಉಪ್ಪಿನಕಾಯಿಯೋ ಸುಟ್ಟ ಒಣಮೀನೋ ಜೊತೆಯಾದರೆ ಊಟ ಪೂರ್ಣ. ರೋಗಿಗೂ ಇದೇ ಪಥ್ಯ. ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದರು. ಇಂಥ ಊರಿನಲ್ಲಿ ಪಥ್ಯ ಹೇಳುವ ವೈದ್ಯರು ಮನೆಮನೆಯ ಗಡಿಗೆಯಲ್ಲಿ ಏನು ಬೇಯುತ್ತದೆಂಬುದನ್ನು ಅರಿಯದೆ ಮುಂದುವರಿಯುವಂತಿಲ್ಲ.

ಎರಡನೆಯ ಪಾಠವನ್ನು ಹೊಳೆಯೇ ಕಲಿಸುತ್ತದೆ. ಇಳಿತದ ವೇಳೆ ಉಸುಕಿನಿಂದ ಹೆಕ್ಕಿದ ಮರುವಾಯಿ ಚಿಪ್ಪುಗಳನ್ನು ಉಪ್ಪುನೀರಿನಲ್ಲಿ ನೆನೆಯಿಟ್ಟು ಮರಳನ್ನು ಕಕ್ಕಿಸಬೇಕು. ಬಳಿಕ ಒಂದೊಂದನ್ನೇ ಬಿಡಿಸಿ, ಒಂದು ಚಿಪ್ಪನ್ನು ಎಸೆದು, ಮಾಂಸವಿರುವ ಇನ್ನೊಂದನ್ನು ಉಳಿಸಿಕೊಳ್ಳಬೇಕು. ಹುರಿದ ತೆಂಗಿನಕಾಯಿಯ ಮಸಾಲೆಗೆ ಅಕ್ಕಿಯ ಪುಂಡಿಗಳನ್ನು ಸೇರಿಸಿದರೆ ಮರುವಾಯಿ ಪುಂಡಿ ಸಿದ್ಧ. ಮರಳು ಕಕ್ಕಿಸಲು ಅವಸರಪಟ್ಟವರಿಗೆ ಅದರ ಫಲ ಮೊದಲ ತುತ್ತಿನಲ್ಲೇ ಸಿಗುತ್ತದೆ.

ಮಳೆಗಾಲದ ಪಾಠ ಇನ್ನೂ ಸೂಕ್ಷ್ಮ. ಕಡಲು ಒರಟಾಗಿ ಮೀನು ಕಡಮೆಯಾಗುವ ಆಟಿ ತಿಂಗಳಲ್ಲಿ ಕೆಸುವಿನ ಎಲೆ ಅಡುಗೆಮನೆಗೆ ಬರುತ್ತದೆ. ಹುಣಸೆಯ ಹುಳಿ ಸಾಲದೆ ಹೋದರೆ ಪತ್ರೊಡೆ ಗಂಟಲನ್ನು ತುರಿಸುತ್ತದೆ. ಅಮಾವಾಸ್ಯೆಯ ಬೆಳಗಿನ ಜಾವ ಹಾಲೆಮರದ ತೊಗಟೆಯ ಕಷಾಯ ಕುಡಿದು, ಅನಂತರ ಮೆಂತೆ ಗಂಜಿ ಉಣ್ಣುವ ರೂಢಿಯೂ ಉಂಟು. ಇಲ್ಲಿ ಅಜ್ಞಾನ ನಗೆಯ ವಿಷಯವಲ್ಲ. ಹಾಲೆಯೆಂದು ಕಾಸರಕನ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಮರವನ್ನು ಬಲ್ಲ ಹಿರಿಯರ ಬೆನ್ನಹಿಂದೆ ಹೋಗುವವನಿಗೆ ಮಾತ್ರ ಈ ಪಾಠ.

ಆದರೆ ಅತ್ಯಂತ ಕಠಿಣವಾದದ್ದು ಅಡುಗೆಯಲ್ಲ, ಪಂಕ್ತಿ. ಆ ಕಾಲದಲ್ಲಿ ಯಾರ ಕೈಯ ಅನ್ನವನ್ನು ಯಾರು ಉಂಡರೆಂಬುದು ಜಾತಿಯನ್ನೇ ನಿರ್ಣಯಿಸುತ್ತಿತ್ತು. ಪರದೇಶಿಯ ಮೇಜಿನಲ್ಲಿ ಉಂಡ ಸ್ಥಳೀಯನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತಮತ ಸ್ವೀಕರಿಸಿದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಓದಲು ಹೋದರು. ಈ ಸಲ ಪರನಾಡಿನ ಅಡುಗೆಗೆ ಒಗ್ಗಿಕೊಳ್ಳುವ ಸರದಿ ಅವರದಾಗಿತ್ತು. ಮತಾಂತರದಿಂದ ಕುಲವೃತ್ತಿ ಕಳೆದುಕೊಂಡವರ ಹೊಟ್ಟೆಪಾಡಿಗೆಂದೇ ಮಿಶನ್ ನೆಯ್ಗೆಯ ಶಾಲೆಗಳನ್ನೂ 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಒಂದು ತುತ್ತಿನ ಬೆಲೆ ಅಷ್ಟು ದುಬಾರಿಯಾಗಿತ್ತು.

ಇಂದು ಕರಾವಳಿಯ ತರುಣತರುಣಿಯರೇ ಸೇವೆಗೆಂದೂ ಉದ್ಯೋಗಕ್ಕೆಂದೂ ಪರನಾಡುಗಳಿಗೆ ಹೋಗುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಒಣಮೆಣಸು ಇಟ್ಟು ಕಳುಹಿಸುವ ತಾಯಂದಿರು ಅಲ್ಲಿಯವರ ಅಡುಗೆಯನ್ನೂ ಕಲಿತುಬರಲು ಹೇಳುವುದೊಳ್ಳೆಯದು. ಉದ್ಯಾವರಕ್ಕೆ ಬರುವ ಪ್ರವಾಸಿಗೂ ಅದೇ ಮಾತು. ಶಾಸನಗಳನ್ನು ನೋಡಿದ ಮೇಲೆ ಹೊಳೆಯ ದಂಡೆಯ ಯಾವುದಾದರೂ ಮನೆಯಲ್ಲಿ ಊಟಕ್ಕೆ ಕರೆದರೆ ಒಲ್ಲೆನೆನ್ನಬಾರದು. ಉಂಡೆದ್ದ ಮೇಲೆ, ಇದನ್ನು ಮಾಡುವ ಬಗೆ ಹೇಗೆಂದು ಮನೆಯೊಡತಿಯನ್ನು ಕೇಳಬೇಕು. ಅದನ್ನು ಕೇಳಿದವನನ್ನು ಬರಿಯ ಅತಿಥಿಯಾಗಿ ಉಳಿಯಗೊಡುವ ಮನೆ ಈ ಸೀಮೆಯಲ್ಲಿ ಅಪರೂಪ.