ಮಲಗಿದರೆ ಮಾಯವಾಗುವ ತಲೆನೋವು

ಹೆತ್ತ ಮಗಳ ಮಾತನ್ನೇ ನಂಬದೆ ಹೋದೆನಲ್ಲ ಎಂದು ಬರೆಯಲು ಸಂಕೋಚವಾಗುತ್ತದೆ. ಆದರೂ ಬಾಣಂತಿ ಇರುವ ಮನೆಯವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಬೆನ್ನಿಗೆ ಅರಿವಳಿಕೆ ಸೂಜಿ ಕೊಟ್ಟು ಮಗಳಿಗೆ ಸಿಜೇರಿಯನ್ ಮಾಡಿದ್ದರು. ನಾಲ್ಕನೇ ದಿನ ಬಸವೇಶ್ವರನಗರದ ನಮ್ಮ ಮನೆಗೆ ಕರೆತಂದೆವು. ಮಗುವಿಗೆ ಹಾಲು ಕೊಡಲು ಎದ್ದು ಕೂತರೆ ಸಾಕು, "ಅಮ್ಮಾ, ತಲೆ ಸಿಡೀತಿದೆ, ಕತ್ತು ಹಿಡ್ಕೊಳ್ತಿದೆ" ಅನ್ನೋಳು. ಮಲಗಿದರೆ ಸ್ವಲ್ಪ ಹೊತ್ತಿಗೆಲ್ಲ ನೋವಿಲ್ಲ! ನೋಡಲು ಬಂದ ಬೀಗಿತ್ತಿ, "ನಾವೂ ಹೆತ್ತಿಲ್ವೇ? ಎದ್ದರೆ ಬರೋದು, ಮಲಗಿದರೆ ಹೋಗೋದು, ಇದೆಂಥ ತಲೆನೋವಮ್ಮಾ?" ಅಂದೇಬಿಟ್ಟರು. ನಾನು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ನನಗೂ ಹಾಗೇ ಅನಿಸಿತ್ತು. ಶೀತವಿರಬೇಕೆಂದು ಕಿವಿಗೆ ಹತ್ತಿಯಿಟ್ಟು ಸ್ಕಾರ್ಫ್ ಕಟ್ಟಿದೆ. ಬಾಣಂತಿಗೆ ನೀರು ಹೆಚ್ಚು ಕೂಡದೆಂದು ಅಳೆದು ಕೊಟ್ಟೆ, ಅದೂ ತಪ್ಪೇ.

ಎರಡನೇ ರಾತ್ರಿ ಅವಳು ಗೋಡೆಗೆ ಮುಖ ಮಾಡಿ ಸದ್ದಿಲ್ಲದೆ ಅಳುವುದನ್ನು ಕಂಡು ಕರುಳು ಚುರುಕ್ಕೆಂದಿತು. ಬೆಳಗಾಗುತ್ತಲೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ವಿಜಯನಗರದ ಆಸ್ಪತ್ರೆಗೆ ಓಡಿದೆವು. ನೋವು ಮೂರನೇ ದಿನವೇ ಶುರುವಾಗಿತ್ತಂತೆ. ಹೇಳಿದರೆ ಮನೆಗೆ ಕಳಿಸಲಾರರೆಂದು ಸುಮ್ಮನಿದ್ದಳಂತೆ, ಪೆದ್ದಿ!

ಅರಿವಳಿಕೆ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮಲಗಿದರೆ ಕಡಿಮೆಯಾಗುತ್ತಾ?" ಬೆನ್ನುಹುರಿಯ ಸುತ್ತ ನೀರು ತುಂಬಿದ ಚೀಲವಿದೆ. ಸೂಜಿ ಹೋದ ತೂತು ಬೇಗ ಮುಚ್ಚದಿದ್ದರೆ ಆ ನೀರು ಸೋರುತ್ತದೆ. ಎದ್ದು ಕೂತಾಗ ಮಿದುಳಿಗೆ ಆಸರೆ ಸಾಲದೆ ಈ ನೋವು. 1898ರಲ್ಲಿ ಈ ಅರಿವಳಿಕೆಯನ್ನು ಬಳಕೆಗೆ ತಂದ ಜರ್ಮನಿಯ ಆಗಸ್ಟ್ ಬಿಯರ್, ತನ್ನ ಬೆನ್ನಿಗೇ ಸೂಜಿ ಹಾಕಿಸಿಕೊಂಡು ಇದೇ ತಲೆನೋವಿನಿಂದ ದಿನಗಟ್ಟಲೆ ಮಲಗಿದ್ದನಂತೆ. ಅವನಿಗೆ ಯಾವ ಅತ್ತೆಯೂ ನಟನೆ ಅಂದಿರಲಾರಳು! ಈಗ ಸೂಜಿ ಸಣ್ಣದು, ತುದಿ ಪೆನ್ಸಿಲಿನಂತೆ. ಹಾಗಾಗಿ ತೊಂದರೆ ಕಡಿಮೆಯಾಗಿದೆ, ಇಲ್ಲವೆಂದಲ್ಲ.

ಬಹಳ ಜನರಿಗೆ ಒಂದೆರಡು ವಾರದಲ್ಲಿ ತಾನೇ ವಾಸಿಯಾಗುತ್ತದಂತೆ. ಇವಳಿಗೆ ಮಾತ್ರೆ, ಕಾಫಿಯಿಂದ ತಗ್ಗಲಿಲ್ಲ. ಕೊನೆಗೆ ಅವಳ ತೋಳಿನಿಂದಲೇ ರಕ್ತ ತೆಗೆದು, ಬೆನ್ನಿನಲ್ಲಿ ಆ ಚೀಲದ ಹೊರಗೆ ಹಾಕಿದರು. ಅದು ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ.

ಡಾಕ್ಟರಮ್ಮ ಇನ್ನೂ ಹೇಳಿದರು. ಬಾಣಂತಿಯ ತಲೆನೋವೆಲ್ಲ ಇದೇ ಅಲ್ಲ. ಜ್ವರ, ಫಿಟ್ಸ್, ಕಣ್ಣು ಮಂಜಾಗುವುದು, ಮಲಗಿದರೂ ಹೋಗದ ನೋವು ಕಂಡರೆ ತಡಮಾಡಬಾರದು. ಆಪರೇಷನ್ ಆಗಿ ಗಂಟೆಗಳು ಕಳೆದರೂ ಕಾಲಿಗೆ ಶಕ್ತಿ ಬಾರದಿದ್ದರೆ, ಮೂತ್ರ ಕಟ್ಟಿದರೆ ತಕ್ಷಣ ಹೇಳಬೇಕು. ಅಪರೂಪಕ್ಕೆ ಒಳಗೆ ರಕ್ತ ಕಟ್ಟಿಕೊಂಡು ನರಗಳನ್ನು ಒತ್ತುವುದುಂಟು. ಅದಕ್ಕೇ ರಕ್ತ ತೆಳುವಾಗುವ ಮಾತ್ರೆ ನುಂಗುವವರು ಸೂಜಿಗೆ ಮೊದಲೇ ತಿಳಿಸಬೇಕು.

ಆ ಸಂಜೆ ಮಗಳು ದಿಂಬಿಗೊರಗಿ ಕೂತು ಮಗುವಿಗೆ ಹಾಲು ಕೊಟ್ಟಳು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ ಬೀಗಿತ್ತಿ, "ನೋವಿಲ್ಲ ತಾನೇ?" ಎಂದು ಎರಡು ಸಲ ಕೇಳಿದರು.